ಹವ್ಯಾಸಿಯ ಕಿವಿ, ವರ್ತಕನ ದಾಸ್ತಾನು

ಎಲೆಕ್ಟ್ರಾನಿಕ್ಸ್ ಮಳಿಗೆಗಳಿಗೆ ಬರುವ ಗಿರಾಕಿಗಳಲ್ಲಿ ಒಂದು ವಿಶಿಷ್ಟ ವರ್ಗವಿದೆ. ಸಂಖ್ಯೆಯಲ್ಲಿ ಅದು ತೀರ ಚಿಕ್ಕದು, ಮಾತಿನಲ್ಲಿ ಬಹು ದೊಡ್ಡದು. ಮನೆಯ ಒಂದು ಕೋಣೆಯನ್ನೇ ಚಿತ್ರಮಂದಿರವನ್ನಾಗಿ ಮಾಡಿಕೊಂಡಿರುವ, ಅಥವಾ ಮಾಡಿಕೊಳ್ಳಲು ವರ್ಷಗಟ್ಟಲೆ ಯೋಜನೆ ಹಾಕುತ್ತಿರುವ ಹೋಮ್ ಥಿಯೇಟರ್ ಹವ್ಯಾಸಿಗಳ ವರ್ಗವದು. ಎರಡು ಗಂಟೆ ಕಾಲ ಡೆಮೊ ಕೇಳಿ ಕೊನೆಗೆ ನೂರು ರೂಪಾಯಿಯ ವೈರ್ ಕೊಂಡು ಹೋಗುವವರು ಇವರೇ. ಒಮ್ಮೆಗೇ ಐದಾರು ಲಕ್ಷ ರೂಪಾಯಿಯ ಆರ್ಡರ್ ಕೊಡುವವರೂ ಇವರೇ.

ವರ್ತಕರಲ್ಲಿ ಕೆಲವರು ಇಂಥವರನ್ನು ಕಂಡರೆ ಸೇಲ್ಸ್ ಹುಡುಗನನ್ನು ಮುಂದೆ ಬಿಟ್ಟು ಒಳಗೆ ಸರಿಯುತ್ತಾರೆ. ಇನ್ನು ಕೆಲವರು ಅವರನ್ನು ಭವಿಷ್ಯ ಬಲ್ಲವರೆಂದು ಬಗೆದು, ಅವರು ಹೊಗಳಿದ ಸರಕನ್ನೆಲ್ಲ ತರಿಸಿ ಗೋದಾಮು ತುಂಬಿಸಿಕೊಳ್ಳುತ್ತಾರೆ. ಇವೆರಡೂ ಸರಿಯಾದ ಕ್ರಮವಲ್ಲ. ಹವ್ಯಾಸಿಯ ಅಭಿಪ್ರಾಯವನ್ನು ಎರಡಾಗಿ ಒಡೆದು ನೋಡಬೇಕು. ಯಾವ ವಸ್ತು ಎಷ್ಟು ಕಾಲ ತನ್ನ ಯೋಗ್ಯತೆಯನ್ನು ಉಳಿಸಿಕೊಳ್ಳುತ್ತದೆ ಎಂಬುದು ಒಂದು ಪ್ರಶ್ನೆ. ಯಾವ ವಸ್ತು ಮಾರುಕಟ್ಟೆಯಲ್ಲಿ ಗೆಲ್ಲುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಆತ ಕೊಡುವ ಉತ್ತರ ಬಹುಮಟ್ಟಿಗೆ ನಿಜ. ಎರಡನೆಯದಕ್ಕೆ ಆತ ಕೊಡುವ ಉತ್ತರವನ್ನು ನಂಬಿದರೆ ಬಂಡವಾಳ ಕರಗುತ್ತದೆ.

ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳಬಹುದು. ಈ ಉದ್ಯಮದ ಇತಿಹಾಸದಲ್ಲಿ ಅದಕ್ಕೆ 2006ರಿಂದ 2008ರವರೆಗಿನ ತಟ್ಟೆಗಳ ಸಮರಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. 2006ರ ಏಪ್ರಿಲ್‌ನಲ್ಲಿ ತೋಷಿಬಾ ಕಂಪನಿಯು ಎಚ್.ಡಿ.-ಡಿ.ವಿ.ಡಿ. ಎಂಬ ಹೊಸ ಬಗೆಯ ತಟ್ಟೆಯ ಪ್ಲೇಯರನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಕಡಿಮೆ ದರ್ಜೆಯ ಮಾದರಿಯ ಬೆಲೆ 499 ಡಾಲರ್. ಎರಡು ತಿಂಗಳ ನಂತರ ಸೋನಿ ಮೊದಲಾದ ಕಂಪನಿಗಳ ಕೂಟದ ಬ್ಲೂ-ರೇ ತಟ್ಟೆಗೆ ಸ್ಯಾಮ್‌ಸಂಗ್ ತಯಾರಿಸಿದ ಪ್ಲೇಯರ್ ಸುಮಾರು 1000 ಡಾಲರ್ ಬೆಲೆಗೆ ಬಂದಿತು. ಎಚ್.ಡಿ.-ಡಿ.ವಿ.ಡಿ.ಯ ಒಂದು ಪದರದಲ್ಲಿ 15 ಗಿಗಾಬೈಟ್, ಬ್ಲೂ-ರೇಯ ಒಂದು ಪದರದಲ್ಲಿ 25 ಗಿಗಾಬೈಟ್ ಮಾಹಿತಿ ಹಿಡಿಯುತ್ತಿತ್ತು. ತೆರೆಯ ಮೇಲೆ ಎರಡರ ಚಿತ್ರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೂ ಹವ್ಯಾಸಿಗಳು ಎರಡು ಪಂಗಡವಾಗಿ, ಪದರಗಳ ಸಾಮರ್ಥ್ಯ, ಧ್ವನಿಯ ದರ್ಜೆ, ಮೆನುವಿನ ವೇಗ ಎಂದು ಎರಡು ವರ್ಷ ಕಾಲ ವಾದಿಸಿದರು.

ತೀರ್ಪು ಬಂದದ್ದು ಈ ವಾದಗಳಿಂದಲ್ಲ. 2006ರ ನವೆಂಬರ್‌ನಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ 3 ಆಟದ ಯಂತ್ರದಲ್ಲಿ ಬ್ಲೂ-ರೇ ಪ್ಲೇಯರ್ ಅಡಕವಾಗಿತ್ತು. ಮಕ್ಕಳ ಆಟಕ್ಕೆಂದು ಕೊಂಡ ಯಂತ್ರದ ಮೂಲಕ ಒಂದು ತಟ್ಟೆ ಲಕ್ಷಾಂತರ ಮನೆಗಳನ್ನು ಹೊಕ್ಕಿತು. ಎದುರು ಪಕ್ಷವು ಬೆಲೆ ಇಳಿಸಿತು; 2007ರ ನವೆಂಬರ್‌ನಲ್ಲಿ ಎಚ್.ಡಿ.-ಡಿ.ವಿ.ಡಿ. ಪ್ಲೇಯರ್ ಅಮೆರಿಕದ ದೊಡ್ಡ ಮಳಿಗೆಯೊಂದರಲ್ಲಿ 100 ಡಾಲರಿಗೂ ಕಡಿಮೆ ಬೆಲೆಗೆ ಮಾರಾಟವಾಯಿತು. ಫಲವಾಗಲಿಲ್ಲ. 2008ರ ಜನವರಿ 4ರಂದು ವಾರ್ನರ್ ಚಿತ್ರಸಂಸ್ಥೆಯು ಇನ್ನು ಮುಂದೆ ಬ್ಲೂ-ರೇಯಲ್ಲಿ ಮಾತ್ರ ತನ್ನ ಚಿತ್ರಗಳನ್ನು ಹೊರತರುವುದಾಗಿ ಪ್ರಕಟಿಸಿತು. ಫೆಬ್ರವರಿ 19ರಂದು ತೋಷಿಬಾ ತನ್ನ ತಟ್ಟೆಯನ್ನು ಕೈಬಿಟ್ಟಿತು. ನಡುವೆ ಕಳೆದದ್ದು 46 ದಿನ. ಸಾಮಾನ್ಯ ವರ್ತಕನೊಬ್ಬನ ಖರೀದಿ ಆದೇಶ, ಸಾಗಣೆ ಮತ್ತು ಸಾಲದ ಅವಧಿಗೆ ಇಷ್ಟು ದಿನ ಸಾಲದು. ಸರಕು ಬಂದು ಇಳಿಯುವ ಮೊದಲೇ ಅದು ಸತ್ತ ಸರಕಾಗಿತ್ತು.

ಇದು ಹೊಸ ಕಥೆಯೂ ಅಲ್ಲ. 1975ರ ಬೀಟಾಮ್ಯಾಕ್ಸ್ ಮತ್ತು 1976ರ ವಿ.ಎಚ್.ಎಸ್. ಕ್ಯಾಸೆಟ್ಟುಗಳ ನಡುವೆ, ಬೀಟಾಮ್ಯಾಕ್ಸ್‌ನ ಚಿತ್ರವೇ ಉತ್ತಮವೆಂಬುದು ಅಂದಿನ ಹವ್ಯಾಸಿಗಳ ಪಟ್ಟು. ಆದರೆ ಬೀಟಾಮ್ಯಾಕ್ಸ್‌ನ ಆರಂಭದ ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದದ್ದು ಒಂದು ಗಂಟೆಯ ಚಿತ್ರ, ವಿ.ಎಚ್.ಎಸ್.ನಲ್ಲಿ ಎರಡು ಗಂಟೆ. ಇಡೀ ಸಿನಿಮಾ ಒಂದೇ ಕ್ಯಾಸೆಟ್ಟಿನಲ್ಲಿ ಬೇಕೆಂಬ ಗೃಹಸ್ಥನ ಸರಳ ಅಪೇಕ್ಷೆಯ ಮುಂದೆ ಚಿತ್ರದ ಸೊಗಸು ನಿಲ್ಲಲಿಲ್ಲ. 1988ರಲ್ಲಿ ಸೋನಿ ಕಂಪನಿಯೇ ವಿ.ಎಚ್.ಎಸ್. ಯಂತ್ರಗಳನ್ನು ತಯಾರಿಸತೊಡಗಿತು.

ಗೆದ್ದ ಬ್ಲೂ-ರೇಗಾದರೂ ಭಾರತದಲ್ಲಿ ಏನು ದೊರೆಯಿತು? ಇಲ್ಲಿ ಅದು ಡಿ.ವಿ.ಡಿ.ಯ ಸ್ಥಾನವನ್ನು ಎಂದೂ ಪಡೆಯಲಿಲ್ಲ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿಯು ಚಲನಚಿತ್ರದ ವಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವಿ.ಡಿ.ಯನ್ನು 34 ರೂಪಾಯಿಗೂ ಮಾರಲು ಹೊರಟಾಗ, ಇಡೀ ವ್ಯಾಪಾರದ ಲೆಕ್ಕವೇ ಬದಲಾಯಿತೆಂದು ವರ್ತಕರು ಭಾವಿಸಿದ್ದರು. ತಟ್ಟೆಗಳ ತಯಾರಿಕೆಯಲ್ಲಿ ಜಗತ್ತಿನ ದೊಡ್ಡ ಕಂಪನಿಗಳಲ್ಲಿ ಒಂದಾಗಿದ್ದ ಅದು 2018ರಲ್ಲಿ ಸಮಾಪನೆಗೆ ಹೋಯಿತು. ಗಿರಾಕಿ ತಟ್ಟೆಯನ್ನೇ ಬಿಟ್ಟು ಇಂಟರ್ನೆಟ್ ಮೂಲಕ ಚಿತ್ರ ನೋಡುವ ಅಭ್ಯಾಸಕ್ಕೆ ಹೊರಳಿದ್ದನು.

ಇಲ್ಲಿ ಹವ್ಯಾಸಿಗೆ ನ್ಯಾಯ ಸಲ್ಲಬೇಕು. ತಟ್ಟೆಯ ಚಿತ್ರ ಮತ್ತು ಧ್ವನಿಗಳು ಉತ್ತಮವೆಂಬ ಅವನ ಮಾತು ಇಂದಿಗೂ ಸತ್ಯ. 2016ರಲ್ಲಿ ಬಂದ 4ಕೆ ಬ್ಲೂ-ರೇ ತಟ್ಟೆಯಿಂದ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಮಾಹಿತಿ ಹರಿಯಬಲ್ಲದು. ಅದೇ 4ಕೆ ಚಿತ್ರವನ್ನು ಇಂಟರ್ನೆಟ್‌ನಲ್ಲಿ ನೋಡಲು ನೆಟ್‌ಫ್ಲಿಕ್ಸ್ ಶಿಫಾರಸು ಮಾಡುವ ವೇಗ 15 ಮೆಗಾಬಿಟ್. ಕತ್ತಲೆಯ ದೃಶ್ಯಗಳಲ್ಲಿ, ಹೊಗೆ-ಮಂಜಿನ ದೃಶ್ಯಗಳಲ್ಲಿ ಈ ಅಂತರ ಕಣ್ಣಿಗೆ ಕಾಣುತ್ತದೆ. ಆದರೂ ಅಚ್ಚುಮೆಚ್ಚಿನ ಪ್ಲೇಯರ್‌ಗಳನ್ನು ತಯಾರಿಸುತ್ತಿದ್ದ ಓಪ್ಪೊ ಡಿಜಿಟಲ್ 2018ರಲ್ಲಿ ಆ ವ್ಯವಹಾರವನ್ನು ಮುಚ್ಚುವುದಾಗಿ ಹೇಳಿತು; 2019ರಲ್ಲಿ ಸ್ಯಾಮ್‌ಸಂಗ್ ಅಮೆರಿಕದಲ್ಲಿ ಹೊಸ ಮಾದರಿಗಳನ್ನು ನಿಲ್ಲಿಸಿತು. ಗುಣಮಟ್ಟದ ಬಗ್ಗೆ ಸರಿಯಾಗಿ ಹೇಳುವವನು ಮಾರಾಟದ ಬಗ್ಗೆಯೂ ಸರಿಯಾಗಿ ಹೇಳಬೇಕೆಂಬ ನಿಯಮವಿಲ್ಲ. ಪ್ಲಾಸ್ಮಾ ಟಿ.ವಿ.ಯ ಗತಿಯೂ ಇದೇ. ಹವ್ಯಾಸಿಗಳು ಕಪ್ಪು ಬಣ್ಣದ ಆಳಕ್ಕಾಗಿ ಮೆಚ್ಚಿದ ಪಯೋನಿಯರ್ ಕಂಪನಿ 2009ರಲ್ಲಿ ಟಿ.ವಿ. ವ್ಯವಹಾರದಿಂದ ಹಿಂದೆ ಸರಿಯುವ ನಿರ್ಧಾರ ಪ್ರಕಟಿಸಿತು, ಪ್ಯಾನಸಾನಿಕ್ 2013ರ ಕೊನೆಗೆ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತು. ಇನ್ನು ಮೂರು ಆಯಾಮದ ಟಿ.ವಿ.ಯನ್ನು ಹವ್ಯಾಸಿಗಳೂ ಅಷ್ಟಾಗಿ ಮೆಚ್ಚಲಿಲ್ಲ. 2009ರ ಡಿಸೆಂಬರ್‌ನಲ್ಲಿ 'ಅವತಾರ್' ತೆರೆಕಂಡ ಮೇಲೆ ಕಂಪನಿಗಳೇ ಅದನ್ನು ಮಳಿಗೆಗಳಿಗೆ ತಳ್ಳಿದವು, 2017ರ ಹೊತ್ತಿಗೆ ತಾವೇ ಹಿಂದಕ್ಕೆ ಸರಿದವು. ಕನ್ನಡಕಗಳು ಮಾತ್ರ ಅಂಗಡಿಗಳ ಅಟ್ಟದ ಮೇಲೆ ಉಳಿದವು.

ಈಗ ಮೊದಲ ಪ್ರಶ್ನೆಗೆ ಬರಬಹುದು. ಯಾವ ವಸ್ತುವಿಗೆ ಕೊಟ್ಟ ಹಣ ಹೆಚ್ಚು ಕಾಲ ಬಾಳುತ್ತದೆ ಎಂಬುದನ್ನು ಹವ್ಯಾಸಿಯಷ್ಟು ಕಟ್ಟುನಿಟ್ಟಾಗಿ ಅಳೆದು ನೋಡಿದವರು ಕಡಿಮೆ. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳನ್ನು ಆತ ನಂಬುವುದಿಲ್ಲ. ಅವನ ಈ ಅಪನಂಬಿಕೆಯಲ್ಲಿ ವರ್ತಕರಿಗೆ ಲಾಭದ ಪಾಠವಿದೆ.

ಪರದೆಯ ಚುಕ್ಕೆಗಳ ವಿಷಯವನ್ನೇ ನೋಡಬಹುದು. ಸಾಧಾರಣ ಆರೋಗ್ಯದ ಕಣ್ಣು ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗದಷ್ಟು ಸೂಕ್ಷ್ಮವನ್ನು ಬೇರ್ಪಡಿಸಿ ಕಾಣಬಲ್ಲದು. ಈ ಲೆಕ್ಕದಂತೆ 55 ಅಂಗುಲದ ಟಿ.ವಿ.ಯಲ್ಲಿ ಫುಲ್ ಎಚ್.ಡಿ. ಚಿತ್ರದ ಚುಕ್ಕೆಗಳು ಸುಮಾರು 2.2 ಮೀಟರ್ ದೂರದಾಚೆಗೆ ಕಣ್ಣಿಗೆ ಒಂದಾಗಿಬಿಡುತ್ತವೆ. 4ಕೆ ಚಿತ್ರದ ಪೂರ್ಣ ಸೂಕ್ಷ್ಮತೆ ಕಾಣಬೇಕಾದರೆ ಸುಮಾರು 1.1 ಮೀಟರ್ ಹತ್ತಿರ ಕೂರಬೇಕು. 8ಕೆ ಎಂದರೆ ಅದರ ಅರ್ಧ, ಅಂದರೆ ಎರಡಡಿಗಿಂತಲೂ ಕಡಿಮೆ. ಮನೆಯ ಹಜಾರದಲ್ಲಿ ಸೋಫಾದಿಂದ ಟಿ.ವಿ.ಗೆ ಹತ್ತಡಿ ಅಂತರವಿರುವುದು ವಾಡಿಕೆ. ಆ ದೂರದಲ್ಲಿ ಗಿರಾಕಿಗೆ ಕಾಣುವುದು ಚುಕ್ಕೆಗಳ ಸಂಖ್ಯೆಯಲ್ಲ, ಪರದೆಯ ಗಾತ್ರ, ಬೆಳಕು-ಕತ್ತಲೆಗಳ ಅಂತರ ಮತ್ತು ಬಣ್ಣ. ಹವ್ಯಾಸಿಯು ಈ ಕಾರಣದಿಂದಲೇ 8ಕೆ ಮಾದರಿಯನ್ನು ಬಿಟ್ಟು ಅದೇ ಹಣಕ್ಕೆ ದೊಡ್ಡ 4ಕೆ ಪರದೆ ಕೇಳುತ್ತಾನೆ. 8ಕೆ ದಾಸ್ತಾನು ಮಾಡುವ ಮುನ್ನ ವರ್ತಕನು ಗಿರಾಕಿಯ ಸೋಫಾ ಎಲ್ಲಿರುತ್ತದೆ ಎಂದು ಯೋಚಿಸಿದರೆ ಸಾಕು.

ಧ್ವನಿಯಲ್ಲಿಯೂ ಹೀಗೆಯೇ. 1982ರಲ್ಲಿ ಬಂದ ಸಿ.ಡಿ.ಯ ಧ್ವನಿಯನ್ನು ಮೀರಿಸುವುದೆಂದು 1999ರಲ್ಲಿ ಸೂಪರ್ ಆಡಿಯೊ ಸಿ.ಡಿ., 2000ದಲ್ಲಿ ಡಿ.ವಿ.ಡಿ.-ಆಡಿಯೊ ಬಂದವು. ಅಮೆರಿಕದ ಆಡಿಯೊ ಎಂಜಿನಿಯರುಗಳ ಸಂಘದ ಪತ್ರಿಕೆಯಲ್ಲಿ 2007ರಲ್ಲಿ ಮೇಯರ್ ಮತ್ತು ಮೋರನ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗದಲ್ಲಿ, ಹೊಸ ತಟ್ಟೆಯ ಧ್ವನಿಯನ್ನು ನೇರವಾಗಿಯೂ, ಅದನ್ನೇ ಸಿ.ಡಿ. ಮಟ್ಟಕ್ಕೆ ಇಳಿಸಿಯೂ ಕೇಳುಗರಿಗೆ ಗುರುತು ಹೇಳದೆ ಕೇಳಿಸಲಾಯಿತು. 554 ಪ್ರಯತ್ನಗಳಲ್ಲಿ ಸರಿಯಾದ ಉತ್ತರ ಬಂದದ್ದು 276. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು.

ವ್ಯಾಟ್‌ಗಳ ವಿಷಯಕ್ಕೆ ಬಂದರೆ ಸಣ್ಣ ತಯಾರಕರು ಸ್ವಲ್ಪ ಮೈಮುಟ್ಟಿ ನೋಡಿಕೊಳ್ಳಬೇಕಾಗುತ್ತದೆ. ಅಂಗೈಯಗಲದ ಸ್ಪೀಕರ್ ಪೆಟ್ಟಿಗೆಯ ಮೇಲೆ ಸಾವಿರ, ಎರಡು ಸಾವಿರ ವ್ಯಾಟ್ ಪಿ.ಎಂ.ಪಿ.ಒ. ಎಂದು ಬಣ್ಣದ ಚೀಟಿ ಅಂಟಿಸುವ ಪದ್ಧತಿ ಈ ದೇಶದ ಮಾರುಕಟ್ಟೆಯಲ್ಲಿ ಬಹುಕಾಲ ನಡೆಯಿತು. ಪಿ.ಎಂ.ಪಿ.ಒ. ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯ ವಿಧಾನವೇ ಇಲ್ಲ. 12 ವೋಲ್ಟ್, 1 ಆಂಪಿಯರ್‌ನ ಟ್ರಾನ್ಸ್‌ಫಾರ್ಮರಿನಿಂದ ನಡೆಯುವ ಯಂತ್ರವು ಎಡೆಬಿಡದೆ 12 ವ್ಯಾಟ್‌ಗಿಂತ ಹೆಚ್ಚು ಕೊಡಲಾರದು. ಮಿಕ್ಕದ್ದೆಲ್ಲ ಚೀಟಿಯ ವ್ಯಾಟ್. ಅಮೆರಿಕದಲ್ಲಿ ಇಂಥ ಹೇಳಿಕೆಗಳು ಮಿತಿಮೀರಿದ್ದರಿಂದ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಷ್ಟು ಹಿಂದೆಯೇ ಮನೆಬಳಕೆಯ ಆಂಪ್ಲಿಫೈಯರುಗಳ ವ್ಯಾಟ್ ಹೇಗೆ ಅಳೆಯಬೇಕೆಂದು ನಿಯಮ ಮಾಡಿತು.

ಭಾರತದಲ್ಲಿ ಈಗ ಇದನ್ನು ಬರಿಯ ನೈತಿಕ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಜಾಹೀರಾತು' ಎಂಬ ಪದದ ವ್ಯಾಖ್ಯೆಯೊಳಗೆ ಲೇಬಲ್, ಹೊದಿಕೆ ಮತ್ತು ಇನ್‌ವಾಯ್ಸ್ ಕೂಡ ಸೇರಿವೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಸುಳ್ಳು ಅಂಕಿಯೂ ದಾರಿತಪ್ಪಿಸುವ ಜಾಹೀರಾತಾಗಬಲ್ಲದು. ಅದಕ್ಕೆ ಕೇಂದ್ರ ಪ್ರಾಧಿಕಾರವು ಮೊದಲ ಬಾರಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ತಿಂಗಳಿಗೆ ಇನ್ನೂರು ಪೆಟ್ಟಿಗೆ ಮಾಡುವ ಘಟಕಕ್ಕೆ ಇದು ಬಾಗಿಲು ಮುಚ್ಚಿಸುವ ಮೊತ್ತ. ಬದಲಿಗೆ ಎಷ್ಟು ಓಮ್‌ಗೆ, ಎಷ್ಟು ವಿಕೃತಿಯೊಳಗೆ, ಎಡೆಬಿಡದೆ ಎಷ್ಟು ವ್ಯಾಟ್ ಎಂದು ಅಳೆದು ಅಚ್ಚು ಹಾಕಿದ ಚೀಟಿಯನ್ನು ಕಂಡರೆ ಹವ್ಯಾಸಿಯು ನಿಂತು ಓದುತ್ತಾನೆ. 25 ವ್ಯಾಟ್ ಎಂದು ಬರೆಯಲು ನಾಚಿಕೆಪಡಬೇಕಾಗಿಯೂ ಇಲ್ಲ: ಒಂದು ವ್ಯಾಟಿಗೆ 90 ಡೆಸಿಬಲ್ ಕೊಡುವ ಸ್ಪೀಕರ್ 25 ವ್ಯಾಟಿನಲ್ಲಿ ಮಾಡುವಷ್ಟು ಸದ್ದನ್ನು 84 ಡೆಸಿಬಲ್‌ನ ಸ್ಪೀಕರ್ ಮಾಡಬೇಕಾದರೆ 100 ವ್ಯಾಟ್ ಬೇಕು. ಸ್ಪೀಕರ್ ಒಳ್ಳೆಯದಾದರೆ ಆಂಪ್ಲಿಫೈಯರಿನ ಖರ್ಚು ಇಳಿಯುತ್ತದೆ.

ಹವ್ಯಾಸಿಯ ಖರ್ಚಿನ ಕ್ರಮವನ್ನು ಗಮನಿಸಿದರೆ ಇನ್ನೊಂದು ಅಂಶ ಹೊಳೆಯುತ್ತದೆ. ಅನುಭವವಿಲ್ಲದವನು ಮೊದಲು ಪರದೆ, ಆಮೇಲೆ ರಿಸೀವರ್, ಉಳಿದ ಚಿಲ್ಲರೆಗೆ ಸ್ಪೀಕರ್ ಕೊಳ್ಳುತ್ತಾನೆ. ಇಪ್ಪತ್ತು ವರ್ಷ ಪಳಗಿದವನು ಕೋಣೆಯಿಂದ ಆರಂಭಿಸುತ್ತಾನೆ, ಅನಂತರ ಸ್ಪೀಕರ್, ಕೊನೆಗೆ ಎಲೆಕ್ಟ್ರಾನಿಕ್ಸ್. ಕಾರಣ ಸರಳ. 2013ರಲ್ಲಿ ಭಾರಿ ಬೆಲೆ ಕೊಟ್ಟು ಕೊಂಡ ರಿಸೀವರಿನಲ್ಲಿ 4ಕೆ ಚಿತ್ರಗಳ ರಕ್ಷಣೆಗೆಂದು ಬಂದ ಹೊಸ ಡಿಜಿಟಲ್ ಬೀಗದ ವ್ಯವಸ್ಥೆ ಇರಲಿಲ್ಲ. ಒಂದೆರಡು ವರ್ಷಗಳಲ್ಲಿ, ಯಂತ್ರ ಕೆಡದಿದ್ದರೂ, ಅದರ ಮೂಲಕ 4ಕೆ ಚಿತ್ರ ಹಾಯಲಾರದಾಯಿತು. 2014ರಲ್ಲಿ ಡಾಲ್ಬಿ ಅಟ್‌ಮಾಸ್ ಮನೆಗಳಿಗೆ ಬಂದಾಗ ಮತ್ತೊಂದು ಪೀಳಿಗೆ ಹಳತಾಯಿತು. ಆ ರಿಸೀವರಿಗೆ ಜೋಡಿಸಿದ್ದ ಸ್ಪೀಕರುಗಳಿಗೆ ಮಾತ್ರ ಏನೂ ಆಗಲಿಲ್ಲ. ಗಾಳಿಯನ್ನು ಅಲುಗಿಸುವ ಕೆಲಸಕ್ಕೆ ಹೊಸ ಆವೃತ್ತಿ ಬರುವುದಿಲ್ಲ. ಎಂಬತ್ತರ ದಶಕದ ಸ್ಪೀಕರ್ ಜೋಡಿ ಇಂದಿನ ಆಂಪ್ಲಿಫೈಯರಿಗೆ ಎರಡು ವೈರುಗಳಲ್ಲಿ ಸೇರಿಕೊಳ್ಳುತ್ತದೆ. ವೂಫರಿನ ಅಂಚಿನ ಫೋಮ್ ಹತ್ತು-ಹದಿನೈದು ವರ್ಷಗಳಲ್ಲಿ ಪುಡಿಯಾಗಬಹುದು, ಕರಾವಳಿಯ ತೇವದಲ್ಲಿ ಇನ್ನೂ ಬೇಗ. ಆದರೆ ಅದನ್ನು ಬದಲಿಸುವ ಕೈಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಸಿಗುತ್ತವೆ.

ಕೋಣೆಯ ವಿಚಾರವನ್ನು ಮಳಿಗೆಗಳಲ್ಲಿ ಯಾರೂ ಎತ್ತುವುದಿಲ್ಲ, ಏಕೆಂದರೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಮಾರಲು ಬರುವುದಿಲ್ಲ. 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಧ್ವನಿಯು ಗೋಡೆಯಿಂದ ಗೋಡೆಗೆ ಪುಟಿದು ಸುಮಾರು 38, 47 ಮತ್ತು 56 ಹರ್ಟ್ಸ್‌ಗಳಲ್ಲಿ ಗುಂಯ್‌ಗುಡುತ್ತದೆ. ಕೋಣೆ ಚೌಕವಾಗಿದ್ದರೆ ಎರಡು ದಿಕ್ಕಿನ ಗುಂಯ್‌ಗಾಟ ಒಂದೇ ಸ್ವರಕ್ಕೆ ಸೇರಿ ಮತ್ತಷ್ಟು ಕೆಡುತ್ತದೆ. ಅದರ ಮೇಲೆ ಗ್ರಾನೈಟ್ ಅಥವಾ ವಿಟ್ರಿಫೈಡ್ ನೆಲ, ನುಣ್ಣನೆಯ ಗಾರೆಯ ಗೋಡೆ, ದೊಡ್ಡ ಗಾಜಿನ ಕಿಟಕಿ. ಎರಡು ಲಕ್ಷದ ಸ್ಪೀಕರ್ ಅಂಥ ಕೋಣೆಯಲ್ಲಿ ಇಪ್ಪತ್ತು ಸಾವಿರದ ಸ್ಪೀಕರಿನಂತೆ ನುಡಿಯುತ್ತದೆ. ಸಂಭಾಷಣೆ ಅರ್ಥವಾಗುತ್ತಿಲ್ಲವೆಂದು ಗಿರಾಕಿ ದೂರು ತಂದರೆ ದೋಷ ಯಂತ್ರದಲ್ಲಿರುವುದು ವಿರಳ. ನಡುವಿನ ಸ್ಪೀಕರನ್ನು ಟಿ.ವಿ. ಸ್ಟ್ಯಾಂಡಿನ ಗೂಡಿನೊಳಗೆ ತುರುಕಿರುವುದು, ಎದುರಿನ ಗೋಡೆ ಬೋಳಾಗಿರುವುದು, ಇವೇ ಸಾಮಾನ್ಯ ಕಾರಣಗಳು.

ಇದಕ್ಕೆ ಪರಿಹಾರವಾಗಿ ಪೇಟೆಯಲ್ಲಿ ಸಿಗುವ ಒಂದಂಗುಲದ ಮೊಟ್ಟೆತಟ್ಟೆಯಾಕಾರದ ಫೋಮ್ ಅಂಟಿಸುವವರಿದ್ದಾರೆ. ಅದು ಚೀರುವ ಸ್ವರಗಳನ್ನು ಮಾತ್ರ ಹೀರುತ್ತದೆ. 100 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 3.4 ಮೀಟರ್, ತೆಳುವಾದ ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹವ್ಯಾಸಿಗಳು ತಮ್ಮ ಕೈಯಾರೆ ಮಾಡಿಕೊಳ್ಳುವ ಪರಿಹಾರ ಬೇರೆ: ಮರದ ಚೌಕಟ್ಟು, ಅದರೊಳಗೆ ನಾಲ್ಕಂಗುಲ ದಪ್ಪದ ಒತ್ತಾದ ರಾಕ್‌ವುಲ್, ಮೇಲೆ ಗಾಳಿಯಾಡುವ ಬಟ್ಟೆ, ಗೋಡೆಯಿಂದ ತುಸು ಅಂತರ, ಮೂಲೆಗಳಲ್ಲಿ ಇನ್ನೂ ದಪ್ಪ. ಬಡಗಿ, ಹೊಲಿಗೆಯವನು ಮತ್ತು ಅಳತೆ ಬಲ್ಲ ಒಬ್ಬ ಮೇಲ್ವಿಚಾರಕ ಇದ್ದರೆ ಇದು ಸಣ್ಣ ಘಟಕವೊಂದು ಮಾಡಬಹುದಾದ ಕೆಲಸ. ಆಮದು ಸುಂಕವಿಲ್ಲ, ಪರವಾನಗಿ ಶುಲ್ಕವಿಲ್ಲ, ಚಿಪ್ ಸಿಗಲಿಲ್ಲವೆಂದು ಕಾಯುವುದಿಲ್ಲ. ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಹಗುರ, ಆದ್ದರಿಂದ ದೂರದಿಂದ ಸಾಗಿಸಿ ತರುವುದು ದುಬಾರಿ. ಸ್ಥಳೀಯ ತಯಾರಕನಿಗೆ ಇದು ಸಹಜವಾದ ರಕ್ಷಣೆ. ಸ್ಪೀಕರ್ ಪೆಟ್ಟಿಗೆ, ಸಬ್‌ವೂಫರ್ ಪೆಟ್ಟಿಗೆ, ಪರದೆಯ ಚೌಕಟ್ಟು, ಸಾಲುಸಾಲಾಗಿ ಕೂರುವ ಮೆಟ್ಟಿಲುಕಟ್ಟೆ, ಇವೆಲ್ಲ ಇದೇ ಜಾತಿಯವು. ಪೀಣ್ಯದಂಥ ಪ್ರದೇಶಗಳಲ್ಲಿ ಮರಗೆಲಸದ ಯಂತ್ರವಿಟ್ಟುಕೊಂಡು ಅರ್ಧ ದಿನ ಖಾಲಿ ಕೂರುವ ಘಟಕಗಳು ಅಡುಗೆಮನೆಯ ಕಪಾಟುಗಳಾಚೆಗೆ ನೋಡಬಹುದಾದ ದಿಕ್ಕು ಇದು. ಟಿ.ವಿ.ಯ ಮೇಲಿನ ಲಾಭಾಂಶ ಆನ್‌ಲೈನ್ ಮಾರಾಟದ ಪೈಪೋಟಿಯಲ್ಲಿ ಸವೆದುಹೋಗಿರುವ ಮಳಿಗೆಗೂ ಅಳತೆ, ಜೋಡಣೆ ಮತ್ತು ವೈರಿಂಗ್ ಕೆಲಸದ ಸಂಭಾವನೆಯೇ ಆಸರೆ. ಗೋಡೆಯೊಳಗೆ ಎಚ್.ಡಿ.ಎಂ.ಐ. ವೈರನ್ನು ನೇರವಾಗಿ ಹೂತುಬಿಡುವ ಎಲೆಕ್ಟ್ರಿಷಿಯನ್‌ಗೆ ಹೋಲಿಸಿದರೆ, ಮುಂದೆ ವೈರ್ ಬದಲಿಸಲು ಬರುವಂತೆ ಅಗಲವಾದ ಪೈಪ್ ಹಾಕಿಕೊಡುವ ಮಳಿಗೆಗೆ ಅದೇ ಮನೆಯಿಂದ ಐದು ವರ್ಷದ ಮೇಲೆ ಮತ್ತೆ ಕರೆ ಬರುತ್ತದೆ. 2002ರಲ್ಲಿ ಬಂದ ಎಚ್.ಡಿ.ಎಂ.ಐ. 2017ರ ಹೊತ್ತಿಗೆ 2.1ನೆಯ ಆವೃತ್ತಿ ಮುಟ್ಟಿತ್ತು ಎಂಬುದನ್ನು ನೆನೆದರೆ ಪೈಪಿನ ಬೆಲೆ ತಿಳಿಯುತ್ತದೆ.

ಬೇಗ ಹಳತಾಗುವ ಸರಕಿನ ಲೆಕ್ಕವನ್ನು ಖಾತೆಯಲ್ಲಿ ಹೇಗೆ ಕಾಣಬೇಕು? ಇಲ್ಲಿ ಹಲವು ವರ್ತಕರು ಎರಡು ಸಲ ನಷ್ಟ ಮಾಡಿಕೊಳ್ಳುತ್ತಾರೆ. 40,000 ರೂಪಾಯಿ ಬೆಲೆಯ ರಿಸೀವರಿಗೆ ಶೇ. 18ರ ದರದಲ್ಲಿ 7,200 ರೂಪಾಯಿ ಜಿ.ಎಸ್.ಟಿ. ತೆತ್ತು ಹೂಡುವಳಿ ತೆರಿಗೆ ಜಮೆ ಪಡೆದಿದ್ದಾರೆಂದು ಇಟ್ಟುಕೊಳ್ಳೋಣ. ಹೊಸ ಮಾದರಿ ಬರುವ ಸುದ್ದಿ ತಿಳಿದ ಕೂಡಲೇ 36,000 ರೂಪಾಯಿಗೆ ಮಾರಿದರೆ ನಷ್ಟ 4,000. ಅಸಲು ಬಿಡಲು ಮನಸ್ಸು ಬಾರದೆ ಎರಡು ವರ್ಷ ಇಟ್ಟು 20,000 ರೂಪಾಯಿಗೆ ಮಾರಿದರೆ, ಶೇ. 12ರ ಓವರ್‌ಡ್ರಾಫ್ಟ್ ಬಡ್ಡಿ 9,600 ಸೇರಿ ನಷ್ಟ 29,600. ಕೊನೆಗೂ ಮಾರದೆ ಖಾತೆಯಿಂದ ತೊಡೆದುಹಾಕಿದರೆ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)(ಎಚ್) ವಿಧಿಯಂತೆ, ಪಡೆದ 7,200 ರೂಪಾಯಿ ಜಮೆಯನ್ನೂ ಹಿಂದಿರುಗಿಸಬೇಕು. ಒಟ್ಟು ನಷ್ಟ 56,800. ಬಿಟ್ಟಿಯಾಗಿ ಯಾರಿಗಾದರೂ ಕೊಟ್ಟರೂ ಇದೇ ವಿಧಿ ಅನ್ವಯ. ಅದೇ ಸರಕನ್ನು ಕಡಿಮೆ ಬೆಲೆಗಾದರೂ ಮಾರಿದರೆ ಜಮೆ ಉಳಿಯುತ್ತದೆ. ವರ್ಷಾಂತ್ಯದಲ್ಲಿ ದಾಸ್ತಾನಿನ ಬೆಲೆ ಇಳಿಸಿ ತೋರಿಸುವುದು ಬೇರೆ, ಖಾತೆಯಿಂದಲೇ ತೊಡೆಯುವುದು ಬೇರೆ ಎಂಬ ಭೇದವನ್ನು ಮರೆಯಬಾರದು.

ಬೆಲೆ ಇಳಿಸಿ ತೋರಿಸುವುದಂತೂ ಐಚ್ಛಿಕವಲ್ಲ. ಲೆಕ್ಕಪತ್ರ ಮಾನದಂಡ 2ರಂತೆ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ದೊರೆಯುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕು. ಅದೂ ಸಾಮಾನ್ಯವಾಗಿ ಒಂದೊಂದು ವಸ್ತುವಿಗೂ ಪ್ರತ್ಯೇಕವಾಗಿ. ಸ್ಪೀಕರಿನ ಮೇಲೆ ಬರಲಿರುವ ಲಾಭಕ್ಕೆ ಹಳೆಯ ರಿಸೀವರಿನ ನಷ್ಟವನ್ನು ಸರಿಹೊಂದಿಸಿ ಸುಮ್ಮನಾಗುವಂತಿಲ್ಲ. ಬ್ಯಾಂಕಿಗೆ ಕೊಡುವ ಮಾಸಿಕ ದಾಸ್ತಾನು ಪಟ್ಟಿಯಲ್ಲಿ ಸತ್ತ ಸರಕನ್ನು ಕೊಂಡ ಬೆಲೆಗೇ ತೋರಿಸುತ್ತ ಹೋದವರು ಪರಿಶೀಲನೆಯ ದಿನ ಸಾಲದ ಮಿತಿ ಕಡಿತವಾದಾಗ ಎಚ್ಚೆತ್ತಿದ್ದಾರೆ.

ತೆರಿಗೆಯ ದರ ಬದಲಾದಾಗಲೂ ಇದೇ ವರ್ಗದ ಸರಕು ಮೊದಲು ನೋಯಿಸುತ್ತದೆ. 32 ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿಯಿತು. ಗಿರಾಕಿಗೆ ಸಂತೋಷ, ವ್ಯಾಪಾರ ಹೆಚ್ಚಿದ್ದರಿಂದ ವರ್ತಕನಿಗೂ ಸಂತೋಷ. ಆದರೆ ಅದಕ್ಕೆ ಮೊದಲು 60,000 ರೂಪಾಯಿಗೆ ಕೊಂಡ ಟಿ.ವಿ.ಗೆ 16,800 ತೆರಿಗೆ ಕಟ್ಟಿ, ಅನಂತರ 64,000 ರೂಪಾಯಿಗೆ ಮಾರಿ 11,520 ತೆರಿಗೆ ವಸೂಲು ಮಾಡಿದವರ ಜಮೆ ಖಾತೆಯಲ್ಲಿ ಒಂದೊಂದು ಟಿ.ವಿ.ಗೂ 5,280 ರೂಪಾಯಿ ಉಳಿದುಬಿಟ್ಟಿತು. ಅದನ್ನು ಮುಂದಿನ ಮಾರಾಟದ ತೆರಿಗೆಗೆ ಹೊಂದಿಸಿಕೊಳ್ಳಬಹುದು, ನಗದಾಗಿ ಕೈಗೆ ಬರುವುದಿಲ್ಲ. ಐವತ್ತು ಟಿ.ವಿ. ಇಟ್ಟಿದ್ದವನಿಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಹಣ ಅಲ್ಲಿ ಕಟ್ಟಿಬಿದ್ದಿತು.

ಹವ್ಯಾಸಿಯ ಮಾತನ್ನೆಲ್ಲ ತಲೆಯಾಡಿಸಿ ಒಪ್ಪಬೇಕೆಂದು ಇದರ ಅರ್ಥವಲ್ಲ. ಹವ್ಯಾಸಿಗಳಲ್ಲೇ ಒಂದು ಪಂಗಡ ಒಂದು ಮೀಟರ್ ವೈರಿಗೆ ಹತ್ತಾರು ಸಾವಿರ ಕೊಡುತ್ತದೆ, ಮತ್ತೊಂದು ಪಂಗಡ ಅದನ್ನು ನೋಡಿ ನಗುತ್ತದೆ. ಡಿಜಿಟಲ್ ವೈರಿನಲ್ಲಿ ಸಂಕೇತ ತಲಪುತ್ತದೆ, ಇಲ್ಲವೇ ಚಿತ್ರದಲ್ಲಿ ಚುಕ್ಕೆ ಮಿನುಗಿ ಪರದೆ ಕಪ್ಪಾಗುತ್ತದೆ. ಬಣ್ಣ ಸ್ವಲ್ಪ ಬೆಚ್ಚಗಾಗುವುದು, ಧ್ವನಿ ಸ್ವಲ್ಪ ಸಿಹಿಯಾಗುವುದು ಅಲ್ಲಿ ಸಾಧ್ಯವಿಲ್ಲ. ಸ್ಪೀಕರಿಗೆ ಮನೆಯಳತೆಯ ದೂರಕ್ಕೆ 12 ಗೇಜಿನ ಶುದ್ಧ ತಾಮ್ರದ ವೈರ್ ಸಾಕು. ದುಬಾರಿ ವೈರಿನ ಲಾಭಾಂಶ ಆಕರ್ಷಕವಾದದ್ದೇ, ಆದರೆ ಅದನ್ನು ಕೊಳ್ಳುವ ಗಿರಾಕಿಗಳನ್ನು ಒಂದು ಊರಿನಲ್ಲಿ ಬೆರಳೆಣಿಸಬಹುದು. ಆದೇಶ ಬಂದ ಮೇಲೆ ತರಿಸಿಕೊಟ್ಟರೆ ಸಾಕು, ಗಾಜಿನ ಕಪಾಟಿನಲ್ಲಿ ಕೂರಿಸಬೇಕಾಗಿಲ್ಲ.

ಆಯುಧಪೂಜೆ-ದೀಪಾವಳಿಯ ಆದೇಶಗಳನ್ನು ಕೊಡುವ ಮುನ್ನ ವಿತರಕರೊಡನೆ ಮೂರು ಮಾತುಗಳನ್ನು ಬರೆಹದಲ್ಲಿ ಪಡೆಯುವುದು ಸಾಧ್ಯವೇ ಎಂದು ವರ್ತಕರು ಕೇಳಿ ನೋಡಬೇಕು. ಕಂಪನಿಯು ಬೆಲೆ ಇಳಿಸಿದರೆ ದಾಸ್ತಾನಿನಲ್ಲಿರುವ ಸರಕಿಗೂ ಆ ವ್ಯತ್ಯಾಸದ ಕ್ರೆಡಿಟ್ ನೋಟ್ ಕೊಡಬೇಕು. ಮಾದರಿ ನಿಂತುಹೋಗುವುದನ್ನು ಇಷ್ಟು ದಿನ ಮೊದಲು ತಿಳಿಸಬೇಕು. ಡೆಮೊಗೆ ಇಟ್ಟ ಯಂತ್ರವನ್ನು ವರ್ಷದ ಕೊನೆಗೆ ನಿಗದಿಯಾದ ಬೆಲೆಗೆ ಹಿಂದಕ್ಕೆ ಪಡೆಯಬೇಕು, ಅಥವಾ ಅದರ ಅರ್ಧ ಭಾರವನ್ನಾದರೂ ಹೊರಬೇಕು. ದೊಡ್ಡ ಮಳಿಗೆಗಳ ಸರಣಿಗಳು ಇಂಥ ಷರತ್ತುಗಳಿಗಾಗಿ ಚೌಕಾಸಿ ಮಾಡದೆ ಸಹಿ ಹಾಕುವುದಿಲ್ಲ. ಸಣ್ಣ ವರ್ತಕರು ಒಬ್ಬೊಬ್ಬರಾಗಿ ಕೇಳಿದರೆ ವಿತರಕ ನಕ್ಕು ಕಳುಹಿಸಬಹುದು, ಒಂದು ಊರಿನ ಹತ್ತು ಮಂದಿ ಕೂಡಿ ಕೇಳಿದರೆ ಕುಳಿತು ಮಾತನಾಡುತ್ತಾನೆ. ಮೂರರಲ್ಲಿ ಒಂದೂ ದೊರೆಯದಿದ್ದಲ್ಲಿ ದುಬಾರಿ ಪರದೆ ಮತ್ತು ರಿಸೀವರುಗಳನ್ನು ಗಿರಾಕಿಯ ಮುಂಗಡ ಕೈಸೇರಿದ ಮೇಲೆ ಒಂದೊಂದಾಗಿ ತರಿಸಿ, ಉಳಿದ ಜಾಗದಲ್ಲಿ ಸ್ಪೀಕರುಗಳನ್ನು ಇಡುವುದು ಲೇಸು.